ಆಯುಧ, ಅಧಿಕಾರ ಮತ್ತು ಪ್ರಜೆ: ಮಳಖೇಡ ಸೀಮೆಯ ಇತಿಹಾಸದ ಬೆಳಕಿನಲ್ಲಿ ಒಂದು ವಿವೇಚನೆ

ಕಾಗಿಣಾ ನದಿಯ ದಂಡೆಯ ಮೇಲೆ, ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿರುವ ಮಳಖೇಡವು ಒಂದು ಕಾಲಕ್ಕೆ ದಕ್ಷಿಣಾಪಥದ ಸಾರ್ವಭೌಮರಾಗಿದ್ದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ನೃಪತುಂಗನೆಂದು ಖ್ಯಾತನಾದ ಅಮೋಘವರ್ಷನ ಆಸ್ಥಾನವೂ 'ಕವಿರಾಜಮಾರ್ಗ'ದ ಉದಯವೂ ಸಾಹಿತ್ಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಸಂಗತಿಗಳು. ಆದರೆ ಈ ನಗರದ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವೂ ಉಂಟು. ಕ್ರಿ.ಶ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಹರ್ಷನು ಮಾನ್ಯಖೇಟವನ್ನು ಸೂರೆಗೊಂಡನು. ಧಾರಾನಗರದ ಧನಪಾಲ ಕವಿಯು ತನ್ನ 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟನ್ನು ರಚಿಸಿದ ಕಾಲವನ್ನು ಹೇಳುವಾಗ ಈ ಸೂರೆಯನ್ನೇ ಗುರುತಾಗಿ ಉಲ್ಲೇಖಿಸಿದ್ದಾನೆ. ಕಂಚಿಯವರೆಗೆ ದಂಡೆತ್ತಿ ಹೋಗಿ ಗೆದ್ದ ಮೂರನೆಯ ಕೃಷ್ಣನು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವನ ರಾಜಧಾನಿಯೇ ರಕ್ಷಣೆಯಿಲ್ಲದೆ ಹೋಯಿತು. ಅರಸನ ಆಯುಧಶಾಲೆ ಎಷ್ಟೇ ದೊಡ್ಡದಿರಲಿ, ಅದೊಂದೇ ಪ್ರಜೆಯ ಪ್ರಾಣಮಾನಗಳಿಗೆ ಹೊಣೆಯಾಗಲಾರದೆಂಬುದಕ್ಕೆ ಇದು ಹಳೆಯ ಸಾಕ್ಷಿ.

ಹಾಗಾದರೆ ಆಯುಧವು ಯಾರ ಕೈಯಲ್ಲಿರಬೇಕು? ಪ್ರಜೆಗೆ ಅದನ್ನು ಹಿಡಿಯುವ ಹಕ್ಕು ಉಂಟೇ? ಆಯುಧಗಳನ್ನು ನಿಯಂತ್ರಿಸುವ ಕಾಯಿದೆಗಳು ತಮ್ಮ ಉದ್ದೇಶವನ್ನು ಸಾಧಿಸುತ್ತವೆಯೇ? ಈ ಪ್ರಶ್ನೆಗಳು ಅಮೇರಿಕೆಯಂತಹ ದೂರದೇಶಗಳಿಗೆ ಮಾತ್ರ ಸಂಬಂಧಿಸಿದವೆಂದು ಭಾವಿಸುವುದು ವಾಡಿಕೆ. ಕನ್ನಡ ನಾಡಿನ ಇತಿಹಾಸವನ್ನು ಅವಲೋಕಿಸಿದರೆ, ಇವೇ ಪ್ರಶ್ನೆಗಳಿಗಾಗಿ ಇಲ್ಲಿ ರಕ್ತ ಹರಿದಿರುವುದು ಕಂಡುಬರುತ್ತದೆ.

ಪ್ರಾಚೀನ ಕರ್ನಾಟಕದಲ್ಲಿ ಆಯುಧಧಾರಣೆಯು ಹಕ್ಕು ಎನ್ನುವುದಕ್ಕಿಂತ ಹೆಚ್ಚಾಗಿ ಕರ್ತವ್ಯವಾಗಿತ್ತು. ನಾಡಿನಾದ್ಯಂತ ಹರಡಿರುವ ವೀರಗಲ್ಲುಗಳು ಇದಕ್ಕೆ ಪ್ರಮಾಣ. ತುರುಗೊಳ್ಳುವಾಗ, ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ ಹೋರಾಡಿ ಮಡಿದವರು ಅರಸರ ವೇತನದ ಸೈನಿಕರಷ್ಟೇ ಅಲ್ಲ. ಗಾವುಂಡರು, ಗೋವಳರು, ಬೇಡರು ಮೊದಲಾದ ಗ್ರಾಮವಾಸಿಗಳೂ ಅವರಲ್ಲಿದ್ದಾರೆ. ಹಾಗೆ ಮಡಿದವರ ಕುಟುಂಬಗಳಿಗೆ ಭೂಮಿಯನ್ನು ಬಿಡುತ್ತಿದ್ದರು. ಅದು 'ನೆತ್ತರುಗೊಡಗೆ' ಎನಿಸಿತು. ಶೂರನ ಖಡ್ಗವನ್ನು ತೊಳೆದು ಕೊಡುವ ದತ್ತಿಗೆ 'ಬಾಳ್ಗಳ್ಚು' ಎಂಬ ಹೆಸರಿತ್ತು. ಕ್ರಿ.ಶ. 949-50ರ ಆತಕೂರು ಶಾಸನವು ಇಂತಹ ಒಂದು ಪ್ರಸಂಗವನ್ನು ನಿರೂಪಿಸುತ್ತದೆ. ಮಾನ್ಯಖೇಟದ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಅವನೊಡನಿದ್ದ ಗಂಗ ಬೂತುಗನು, ತನ್ನ ಅನುಚರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಆತಕೂರನ್ನು ಬಾಳ್ಗಳ್ಚಾಗಿ ಕೊಟ್ಟನು. ಮಣಲೆರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯ ಕಥೆಯೂ ಅದೇ ಕಲ್ಲಿನ ಮೇಲಿದೆ. ಈ ಶಾಸನಗಳಿಂದ ಸ್ಪಷ್ಟವಾಗುವ ತತ್ತ್ವವೆಂದರೆ, ಆಯುಧ, ಭೂಮಿ ಮತ್ತು ಊರಿನ ಹೊಣೆ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಹೊಣೆಯನ್ನು ಹೊತ್ತವನಿಗೆ ಆಯುಧವೂ, ಆಯುಧ ಹಿಡಿದವನಿಗೆ ಭೂಮಿಯೂ ಸಲ್ಲುತ್ತಿದ್ದವು.

ಈ ವ್ಯವಸ್ಥೆ ರೂಪಾಂತರ ಹೊಂದುತ್ತ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದು ಬಂದಿತು. ಕಿತ್ತೂರು ಸಂಸ್ಥಾನದ ಶೇತಸನದಿಗಳು ಇದಕ್ಕೆ ಉದಾಹರಣೆ. ಅವರು ಭೂಮಿಯನ್ನು ಅನುಭವಿಸುತ್ತ, ಕರೆ ಬಂದಾಗ ಆಯುಧದೊಡನೆ ಸಂಸ್ಥಾನದ ಸೇವೆಗೆ ನಿಲ್ಲುವ ಗ್ರಾಮಭಟರು. 1824ರ ಅಕ್ಟೋಬರ್ 23ರಂದು ಥ್ಯಾಕರೆಯು ಹತನಾದ ಕಾಳಗದ ಅನಂತರ ಕುಂಪಣಿ ಸರಕಾರವು ಕಿತ್ತೂರನ್ನು ವಶಪಡಿಸಿಕೊಂಡಿತು. ಶೇತಸನದಿಗಳ ಭೂಮಿಗೂ ಸಂಚಕಾರ ಬಂದಿತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಹೋರಾಟವನ್ನು ಮುಂದುವರಿಸಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನೂ ಒಬ್ಬ ಶೇತಸನದಿಯೇ. ಅವನ ದಂಗೆಯ ಹಿಂದೆ ಸ್ವಾಮಿನಿಷ್ಠೆಯೊಂದಿಗೆ, ಆಯುಧ ಮತ್ತು ಭೂಮಿಗಳ ನಡುವಣ ಪುರಾತನ ಬಂಧವು ಕಡಿದುಹೋದ ಸಂಕಟವೂ ಇದ್ದಿತೆಂಬುದನ್ನು ಮರೆಯಲಾಗದು.

ಲಿಖಿತ ಕಾಯಿದೆಯ ರೂಪದಲ್ಲಿ ನಿಶ್ಶಸ್ತ್ರೀಕರಣವು ಕನ್ನಡ ನಾಡಿಗೆ ಕಾಲಿಟ್ಟದ್ದು 1857ರಲ್ಲಿ. ಉತ್ತರ ಹಿಂದುಸ್ತಾನದ ದಂಗೆಯಿಂದ ಕಂಗೆಟ್ಟ ಆಂಗ್ಲ ಸರಕಾರವು ಆ ವರ್ಷದ ಸೆಪ್ಟೆಂಬರಿನಲ್ಲಿ 28ನೆಯ ಕಾಯಿದೆಯನ್ನು ಹೊರಡಿಸಿ, ಆಯುಧಗಳ ತಯಾರಿಕೆ, ಮಾರಾಟ ಮತ್ತು ಇಟ್ಟುಕೊಳ್ಳುವಿಕೆಗಳನ್ನು ನಿರ್ಬಂಧಿಸಿತು. ಅದನ್ನು ಅನುಸರಿಸಿ ಮುಧೋಳ ಸಂಸ್ಥಾನದಲ್ಲಿ ಆಯುಧಗಳನ್ನು ಒಪ್ಪಿಸಲು ಆಜ್ಞೆಯಾಯಿತು. ಹಲಗಲಿಯ ಬೇಡರಿಗೆ ಕತ್ತಿ ಬಂದೂಕುಗಳು ಬೇಟೆಯ ಸಾಧನ, ಜೀವನೋಪಾಯ, ಮನೆತನದ ಮಾನ. ಅವನ್ನು ಕೊಡಲು ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಗೆ ಆಂಗ್ಲ ಸೈನ್ಯವು ರಾತ್ರಿ ವೇಳೆಯಲ್ಲಿ ಊರನ್ನು ಮುತ್ತಿ, ಮನೆಗಳಿಗೆ ಬೆಂಕಿಯಿಟ್ಟಿತು. ಅನೇಕರು ಮಡಿದರು, ನೂರಾರು ಜನ ಸೆರೆಯಾದರು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ವೃತ್ತಾಂತವನ್ನು ಲಾವಣಿಕಾರರು ಹಾಡಿ ಉಳಿಸಿದರು. ಶಾಸನತಜ್ಞ ಜೆ. ಎಫ್. ಫ್ಲೀಟರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಲಾವಣಿಯೂ ಒಂದು. ದಂಡಿಸಿದ ಸರಕಾರದ ಅಧಿಕಾರಿಯೇ ದಂಡನೆಗೊಳಗಾದವರ ಹಾಡನ್ನು ಮುಂದಿನ ಪೀಳಿಗೆಗೆ ಒಪ್ಪಿಸಿದುದು ಇತಿಹಾಸದ ವಿಚಿತ್ರ ನ್ಯಾಯ.

ಕಾಯಿದೆಯು ಫಲಕಾರಿಯಾಯಿತೆ ಎಂಬುದನ್ನು ಅದರ ಉದ್ದೇಶದಿಂದ ಅಳೆಯಬೇಕು. ದಂಗೆಯನ್ನು ತಡೆಯುವುದೇ ಉದ್ದೇಶವಾಗಿದ್ದರೆ, ಅದು ಹಲಗಲಿಯಲ್ಲಿ ದಂಗೆಯನ್ನು ತಡೆಯಲಿಲ್ಲ, ಸೃಷ್ಟಿಸಿತು. 1858ರ ಮೇ ತಿಂಗಳಿನಲ್ಲಿ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದುನಿಂತರು. ಆಯುಧಗಳನ್ನು ಒಪ್ಪಿಸಬೇಕೆಂಬ ಒತ್ತಾಯವು ಅವರ ಅಸಮಾಧಾನದ ಕಾರಣಗಳಲ್ಲಿ ಒಂದಾಗಿದ್ದಿತು. ನರಗುಂದದವನು ಕೆಲವು ತೋಪುಗಳನ್ನು ಧಾರವಾಡಕ್ಕೆ ಕಳಿಸಿದರೂ ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯಲ್ಲಿ ಮಡಿದನು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದೀರ್ಘಕಾಲದ ದೃಷ್ಟಿಯಿಂದ ನೋಡಿದರೆ ಮಾತ್ರ, ಆ ಕಾಯಿದೆ ಸರಕಾರದ ಪಾಲಿಗೆ ಸಫಲವಾಯಿತೆಂದು ಒಪ್ಪಬೇಕಾಗುತ್ತದೆ. 1858ರ ನಂತರ ಬೊಂಬಾಯಿ ಕರ್ನಾಟಕದಲ್ಲಿ ಅಷ್ಟು ವ್ಯಾಪಕವಾದ ಸಶಸ್ತ್ರ ದಂಗೆ ಮತ್ತೆ ನಡೆಯಲಿಲ್ಲ. ಆದರೆ ಅದು ಭಯದಿಂದ ಬಂದ ಶಾಂತಿ.

ಇದೇ ಕಾಲದಲ್ಲಿ ಕೊಡಗಿನಲ್ಲಿ ಇದಕ್ಕೆ ತದ್ವಿರುದ್ಧವಾದ ನೀತಿ ಅನುಸರಿಸಲ್ಪಟ್ಟಿತು. ಹಾಲೇರಿ ವಂಶದ ವೀರಶೈವ ಅರಸರು ಸೈನ್ಯಸೇವೆಯ ಪ್ರತಿಫಲವಾಗಿ ಜಮ್ಮಾ ಭೂಮಿಯನ್ನು ಕೊಡುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದರು. 1834ರಲ್ಲಿ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿದ ಆಂಗ್ಲರು ಆ ಪದ್ಧತಿಯನ್ನು ಕೀಳಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರ ಶೌರ್ಯ ಮತ್ತು ರಾಜನಿಷ್ಠೆಗಳನ್ನು ಶ್ಲಾಘಿಸಿ, ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಅವರಿಗೆ ವಿನಾಯಿತಿ ಘೋಷಿಸಿದರು. ಕೈಲ್ ಮುಹೂರ್ತದಲ್ಲಿ ಆಯುಧಗಳಿಗೆ ಪೂಜೆ, ಪುತ್ತರಿಯಲ್ಲಿ ಗುಂಡಿನ ಹಾರಿಕೆ ಮುಂತಾದ ಆಚರಣೆಗಳು ಹೀಗೆ ಅಬಾಧಿತವಾಗಿ ಉಳಿದವು. ಕಿತ್ತೂರಿನ ಶೇತಸನದಿಗೂ ಕೊಡಗಿನ ಜಮ್ಮಾ ಹಿಡುವಳಿದಾರನಿಗೂ ಮೂಲತಃ ಇದ್ದ ವ್ಯತ್ಯಾಸ ಅತ್ಯಲ್ಪ. ಇಬ್ಬರೂ ಭೂಮಿಯ ಋಣಕ್ಕೆ ಆಯುಧ ಹಿಡಿದವರು. ಒಬ್ಬನ ಪರಂಪರೆ ಅಪರಾಧವೆನಿಸಿತು, ಇನ್ನೊಬ್ಬನದು ಗೌರವವೆನಿಸಿತು. ಆಂಗ್ಲರ ಆಯುಧನೀತಿಯ ಒರೆಗಲ್ಲು ಸಾರ್ವಜನಿಕ ಸುರಕ್ಷತೆಯಾಗಿರಲಿಲ್ಲ. ತಮ್ಮ ಪ್ರಭುತ್ವದ ಕುರಿತ ನಿಷ್ಠೆಯಾಗಿತ್ತು. 1878ರ ಆಯುಧ ಕಾಯಿದೆಯಲ್ಲಿ ಈ ಧೋರಣೆ ಇನ್ನೂ ನಗ್ನವಾಗಿ ಪ್ರಕಟವಾಯಿತು. ಭಾರತೀಯನಿಗೆ ಪರವಾನಗಿ ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ.

ಆದ್ದರಿಂದಲೇ ಆಯುಧ ಕಾಯಿದೆಯ ವಿರೋಧವು ರಾಷ್ಟ್ರೀಯ ಚಳವಳಿಯ ಒಂದು ಅಂಗವಾಯಿತು. 1887ರ ಮದ್ರಾಸ್ ಅಧಿವೇಶನದಲ್ಲಿಯೇ ಕಾಂಗ್ರೆಸ್ಸು ಅದರ ತಿದ್ದುಪಡಿಯನ್ನು ಕೋರಿತು. ಅಹಿಂಸಾವ್ರತಿಯಾದ ಗಾಂಧೀಜಿಯವರೂ ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯಿದೆಯನ್ನು ಕಟುವಾಗಿ ಖಂಡಿಸಿದ್ದರು. 1930ರಲ್ಲಿ ವೈಸರಾಯ್ ಇರ್ವಿನ್ನರ ಮುಂದಿಟ್ಟ 11 ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಆಯುಧ ಪರವಾನಗಿಯ ಬೇಡಿಕೆಯೂ ಸೇರಿತ್ತು. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಗೊತ್ತುವಳಿಯಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇರಬೇಕೆಂದು ಸಾರಲಾಯಿತು. ಅಹಿಂಸೆಯನ್ನು ಬೋಧಿಸುವವರು ಆಯುಧದ ಹಕ್ಕನ್ನು ಕೇಳಿದುದರಲ್ಲಿ ವಿರೋಧಾಭಾಸವೇನೂ ಇಲ್ಲ. ಹಿಡಿಯಬಲ್ಲವನು ಹಿಡಿಯದೆ ಬಿಟ್ಟರೆ ಅದು ಅಹಿಂಸೆ; ಹಿಡಿಯಲಾಗದವನು ಬಿಟ್ಟರೆ ಅದು ನಿರುಪಾಯ.

ಮಳಖೇಡ ಸೀಮೆಯು ಆಗ ನಿಜಾಮನ ಆಳಿಕೆಯಲ್ಲಿತ್ತು. ಅಲ್ಲಿನ ಪ್ರಜೆಗಳಿಗೆ ಆಯುಧದ ಪ್ರಶ್ನೆ ಅತ್ಯಂತ ಕ್ರೂರ ರೂಪದಲ್ಲಿ ಎದುರಾದದ್ದು 1947-48ರಲ್ಲಿ. ಕಾಸಿಂ ರಜ್ವಿಯ ನೇತೃತ್ವದ ರಜಾಕಾರರು ಪ್ರಭುತ್ವದ ಕೃಪೆಯಿಂದ ಶಸ್ತ್ರಸಜ್ಜಿತರಾಗಿದ್ದರು. ಸಿಡ್ನಿ ಕಾಟನ್ ಎಂಬ ವೈಮಾನಿಕನು ಕರಾಚಿಯಿಂದ ವಿಮಾನಗಳ ಮೂಲಕ ಹೈದರಾಬಾದ್ ಸಂಸ್ಥಾನಕ್ಕೆ ಗುಪ್ತವಾಗಿ ಶಸ್ತ್ರಾಸ್ತ್ರಗಳನ್ನು ಸಾಗಿಸಿದನು. ಹಳ್ಳಿಗಳ ಬಹುಪಾಲು ಜನ ನಿರಾಯುಧರು. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವು ಈ ಅಸಮತೆಯ ಘೋರ ಪರಿಣಾಮ. ಗಡಿಯಾಚೆಯ ಮುಂಡರಗಿ ಮೊದಲಾದ ಶಿಬಿರಗಳಲ್ಲಿ ತರುಣರು ಆಯುಧ ಹಿಡಿದು ಪ್ರತಿರೋಧಕ್ಕೆ ಸಿದ್ಧರಾದುದು ಈ ಹಿನ್ನೆಲೆಯಲ್ಲಿ. ಸೆಪ್ಟೆಂಬರ್ 13ರಿಂದ 17ರವರೆಗಿನ ಕಾರ್ಯಾಚರಣೆಯಿಂದ ಸಂಸ್ಥಾನವು ವಿಮೋಚನೆಗೊಂಡಿತು. ಇಲ್ಲಿಯವರೆಗಿನ ಕಥೆ ಸರ್ವವಿದಿತ.

ಇದರ ಉತ್ತರಾರ್ಧವು ಅಷ್ಟು ಪ್ರಚಾರದಲ್ಲಿಲ್ಲ. ಆದರೆ ಆಯುಧ ನಿಯಂತ್ರಣದ ವಿವೇಚನೆಗೆ ಅದೇ ಹೆಚ್ಚು ಬೋಧಪ್ರದ. ಕಾರ್ಯಾಚರಣೆಯ ನಂತರದ ಸ್ಥಿತಿಗತಿಗಳನ್ನು ಅರಿಯಲು ಭಾರತ ಸರಕಾರವು ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ನಿಯೋಗವನ್ನು ಕಳಿಸಿತು. ಬಹುಕಾಲ ಬೆಳಕಿಗೆ ಬಾರದೆ ಇದ್ದ ಅದರ ವರದಿ 2013ರ ಸುಮಾರಿಗೆ ವಾಚಕರಿಗೆ ದೊರೆಯಿತು. ಸಂಸ್ಥಾನದಾದ್ಯಂತ 27,000ದಿಂದ 40,000 ಜನ ಹತರಾದರೆಂದು ಅದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ ಜಿಲ್ಲೆಗಳನ್ನು ಅತ್ಯಂತ ಹಾನಿಗೊಳಗಾದವೆಂದು ಹೆಸರಿಸಿತು. ಈ ಹಂತದಲ್ಲಿ ಮಡಿದವರು ಮುಖ್ಯವಾಗಿ ಮುಸಲ್ಮಾನರು. ಅನೇಕ ಕಡೆ ಮುಸಲ್ಮಾನರ ಆಯುಧಗಳನ್ನು ಕಸಿದುಕೊಂಡು, ಹಿಂದೂಗಳ ಆಯುಧಗಳನ್ನು ಹಾಗೆಯೇ ಬಿಡಲಾಗಿತ್ತೆಂಬುದನ್ನೂ, ಬೇರೆ ಹಲವು ಕಡೆ ಸೈನ್ಯವು ಜನರನ್ನು ರಕ್ಷಿಸಿತೆಂಬುದನ್ನೂ ಆ ವರದಿ ದಾಖಲಿಸಿದೆ. ಮೇ ತಿಂಗಳಿನಲ್ಲಿ ಒಂದು ಪಕ್ಷದ ಪ್ರಜೆ ನಿರಾಯುಧ, ಸೆಪ್ಟೆಂಬರಿನಲ್ಲಿ ಇನ್ನೊಂದು ಪಕ್ಷದ ಪ್ರಜೆ ನಿರಾಯುಧ. ಎರಡು ಸಂದರ್ಭಗಳಲ್ಲಿಯೂ ಸತ್ತವರು ಹೆಚ್ಚಾಗಿ ಯಾವ ಅಪರಾಧವನ್ನೂ ಮಾಡದ ಗ್ರಾಮಸ್ಥರು. ಏಕಪಕ್ಷೀಯ ನಿಶ್ಶಸ್ತ್ರೀಕರಣವು ಶಾಂತಿಪಾಲನೆಯಲ್ಲ. ಅದು ಬಲಿಯನ್ನು ಸಿದ್ಧಪಡಿಸುವ ಕ್ರಿಯೆ. ಒಂದು ಗೋರಟಾವನ್ನು ನೆನೆಯುವ ಇತಿಹಾಸಕಾರನು ಅದರ ಬೆನ್ನಿಗೇ ನಡೆದುದನ್ನು ಮರೆತರೆ, ಅವನ ಸ್ಮರಣೆಯೂ ಏಕಪಕ್ಷೀಯವೇ ಆಗುತ್ತದೆ.

ಈ ಘಟನೆಗಳು ನಡೆದು ಮೂರು ತಿಂಗಳು ತುಂಬುವ ಮೊದಲೇ, 1948ರ ಡಿಸೆಂಬರ್ ಆರಂಭದಲ್ಲಿ, ಸಂವಿಧಾನ ಸಭೆಯ ಮುಂದೆ ಆಯುಧದ ಹಕ್ಕಿನ ಪ್ರಶ್ನೆ ಬಂದಿತು. ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಕರಾಚಿ ಗೊತ್ತುವಳಿಯನ್ನು ನೆನಪಿಸಿ, ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಲು ತಿದ್ದುಪಡಿ ಸೂಚಿಸಿದರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಪರಕೀಯ ಸರಕಾರವಿದ್ದಾಗಿನ ಬೇಡಿಕೆಗೂ ಸ್ವತಂತ್ರ ರಾಷ್ಟ್ರದ ಅಗತ್ಯಕ್ಕೂ ಅಂತರವಿದೆ. ಆಯುಧ ಹಿಡಿಯುವುದು ಹಕ್ಕಾದರೆ ಅಪರಾಧಿಗಳೂ ಅದನ್ನು ಕೇಳಬಲ್ಲರು ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ 19ನೆಯ ಅನುಚ್ಛೇದವು ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಕೊಟ್ಟಿತು. ಸಿಖ್ಖರ ಕಿರ್ಪಾಣಕ್ಕೆ ಮಾತ್ರ 25ನೆಯ ಅನುಚ್ಛೇದದ ವಿವರಣೆಯಲ್ಲಿ ಸ್ಥಾನ ದೊರೆಯಿತು. ಹೀಗೆ ಭಾರತದಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ. ಪರವಾನಗಿಯಿಂದ ದೊರೆಯುವ ಅನುಮತಿ. 1878ರ ಕಾಯಿದೆಯ ಸ್ಥಾನದಲ್ಲಿ 1959ರ ಆಯುಧ ಕಾಯಿದೆ ಬಂದಿತು; 2019ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಶಿಕ್ಷೆಗಳನ್ನು ಹೆಚ್ಚಿಸಿತು.

ಕೊಡಗಿನ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದಿದೆ. ಕೇಂದ್ರ ಸರಕಾರವು 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಜನಾಂಗ ಮತ್ತು ಭೂಹಿಡುವಳಿಗಳ ಆಧಾರದ ಮೇಲೆ ಕೊಟ್ಟ ಈ ಸವಲತ್ತು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂಬ ಆಕ್ಷೇಪವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ವಿನಾಯಿತಿಯು ಪರಂಪರಾಗತವಾದುದು, ಕಾಲಮಿತಿಗೂ ಷರತ್ತುಗಳಿಗೂ ಒಳಪಟ್ಟಿರುವುದು ಎಂಬ ಅಂಶಗಳನ್ನು ಅದು ಪರಿಗಣಿಸಿತು. ಪರವಾನಗಿಯಿಲ್ಲದೆ ಬಂದೂಕು ಹೊಂದಬಹುದಾದ ಒಂದು ಸಮಾಜವು ಒಂದೂವರೆ ಶತಮಾನಕ್ಕೂ ಮೀರಿ ಕನ್ನಡ ನಾಡಿನಲ್ಲಿಯೇ ಇದೆ. ಅದರಿಂದ ಸರಕಾರಕ್ಕೆ ದಂಗೆಯ ಭಯವೇನೂ ಉಂಟಾಗಿಲ್ಲ. ಆಯುಧವು ಆಚಾರ, ಮನೆತನ ಮತ್ತು ಹಿರಿಯರ ಕಣ್ಗಾವಲುಗಳ ನಡುವೆ ಇದ್ದಾಗ ಅದರ ಸ್ವಭಾವ ಬೇರೆ. ಆದರೆ ಹಲಗಲಿಯವರ ವಂಶಜರಿಗೆ ಇಲ್ಲದ ಮನ್ನಣೆ ಕೊಡಗಿಗೆ ಏಕೆಂಬ ಪ್ರಶ್ನೆಗೆ ಉತ್ತರವು 1861ರ ಘೋಷಣೆಯಲ್ಲಿಯೇ ಇದೆ ಎಂಬುದನ್ನೂ ಅಲ್ಲಗಳೆಯಲಾಗದು.

ಇನ್ನು ಕಾಯಿದೆಯ ಪರಿಣಾಮದ ವಿಷಯ. ಜಿನೀವಾದ ಸಂಶೋಧನ ಸಂಸ್ಥೆಯೊಂದು 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ನಾಗರಿಕರ ಬಳಿ ಇರುವ ಸುಮಾರು 7 ಕೋಟಿ ಬಂದೂಕುಗಳಲ್ಲಿ ನೋಂದಣಿಯಾದವು 1 ಕೋಟಿಗೂ ಕಡಿಮೆ. ದೇಶದಲ್ಲಿ ಬಂದೂಕಿನಿಂದ ನಡೆಯುವ ಕೊಲೆಗಳಲ್ಲಿ ಬಹುಪಾಲು ಪರವಾನಗಿಯಿಲ್ಲದ ಆಯುಧಗಳಿಂದಲೇ ಆಗುತ್ತವೆಂದು ಅಪರಾಧ ದಾಖಲೆಗಳ ವಾರ್ಷಿಕ ವರದಿಗಳು ತಿಳಿಸುತ್ತವೆ. ಬೆಳೆರಕ್ಷಣೆಗೆ ಬಂದೂಕು ಇಟ್ಟುಕೊಂಡ ಮಲೆನಾಡಿನ ರೈತನು ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾನೆ. ನಾಡಪಿಸ್ತೂಲನ್ನು ಕೊಂಡವನು ಯಾವ ಠಾಣೆಗೂ ಹೋಗುವುದಿಲ್ಲ. ವಚನ ಸಾಹಿತ್ಯ ಮತ್ತು ಶಾಸನಗಳ ಸಂಶೋಧನೆಗೆ ಜೀವಮಾನವನ್ನು ಮೀಸಲಿಟ್ಟ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಕೊಂದದ್ದು 7.65 ಮಿಲಿಮೀಟರಿನ ನಾಡಪಿಸ್ತೂಲು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಲ್ಲಲು ಬಳಸಿದ್ದೂ ಅದೇ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಒಂದೇ ಅಕ್ರಮ ಆಯುಧವು ಎರಡು ವರ್ಷಗಳ ಕಾಲ ಕಾಯಿದೆಯ ಕೈಗೆ ಸಿಗದೆ ಉಳಿಯಿತು. ಆಯುಧ ಕಾಯಿದೆಯ ದುರ್ಬಲ ಸ್ಥಾನವನ್ನು ಇದಕ್ಕಿಂತ ನೋವಿನಿಂದ ತೋರಿಸುವ ನಿದರ್ಶನ ಕನ್ನಡ ವಿದ್ವತ್ಪ್ರಪಂಚಕ್ಕೆ ಬೇರೆ ಬೇಕಿಲ್ಲ.

ಹಾಗೆಂದು ಕಾಯಿದೆ ನಿರರ್ಥಕವೆಂದು ತೀರ್ಮಾನಿಸುವುದು ಅವಸರದ ಮಾತು. ಅಮೇರಿಕೆಯ ಸಂವಿಧಾನವು 1791ರ ಎರಡನೆಯ ತಿದ್ದುಪಡಿಯಿಂದ ಆಯುಧದ ಹಕ್ಕನ್ನು ಮಾನ್ಯ ಮಾಡಿದೆ. ಅದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸಾರಿತು. ಅಲ್ಲಿ ಬಂದೂಕುಗಳ ಸಂಖ್ಯೆ ಜನಸಂಖ್ಯೆಯನ್ನೇ ಮೀರಿದೆಯೆಂದು ಅಂದಾಜು. ಬಂದೂಕಿನ ಸಾವುಗಳೂ ಇತರ ಸಂಪನ್ನ ದೇಶಗಳಿಗಿಂತ ಬಹಳ ಹೆಚ್ಚು. ಆಸ್ಟ್ರೇಲಿಯವು 1996ರ ಪೋರ್ಟ್ ಆರ್ಥರ್ ದುರಂತದಲ್ಲಿ 35 ಜನ ಹತರಾದ ಮೇಲೆ, ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣಕೊಟ್ಟು ಮರಳಿ ಪಡೆಯಿತು. ನಂತರ ಅಲ್ಲಿ ಬಂದೂಕಿನ ಸಾವುಗಳು ಇಳಿದವು. ಆ ಇಳಿತದಲ್ಲಿ ಕಾಯಿದೆಯ ಪಾಲೆಷ್ಟೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಇಲ್ಲಿ ಗಮನಿಸತಕ್ಕ ಅಂಶ ಮತ್ತೊಂದು. ಆಸ್ಟ್ರೇಲಿಯದಲ್ಲಿ ಆಯುಧಕ್ಕೆ ಬೆಲೆ ಕೊಟ್ಟರು, ಎಲ್ಲರಿಂದಲೂ ಪಡೆದರು, ಪ್ರಜೆಗಳೇ ಆರಿಸಿದ ಸರಕಾರ ಪಡೆಯಿತು. ಹಲಗಲಿಯಲ್ಲಿ ಈ ಮೂರೂ ಇರಲಿಲ್ಲ.

ಈ ಸಮಗ್ರ ಇತಿಹಾಸದಿಂದ ಹೊರಡುವ ನಿರ್ಣಯ ಇಷ್ಟು. ಆಯುಧದ ನಿಯಂತ್ರಣ ನ್ಯಾಯಸಮ್ಮತವಾಗಬೇಕಾದರೆ ಅದು ಸರ್ವರಿಗೂ ಸಮಾನವಾಗಿ ಅನ್ವಯಿಸಬೇಕು. 1948ರಲ್ಲಿ ಗುಲಬರ್ಗಾ ಜಿಲ್ಲೆ ಕಲಿಸಿದ ಪಾಠ ಅದು. ಆಯುಧವನ್ನು ಪಡೆದುಕೊಂಡ ಸರಕಾರವು ಆಯುಧ ಒಪ್ಪಿಸಿದವನ ರಕ್ಷಣೆಯ ಪೂರ್ಣ ಹೊಣೆಯನ್ನು ಹೊರಬೇಕು. ಹೊರದಿದ್ದರೆ ಅದು ಒಪ್ಪಂದದ ಒಂದು ಭಾಗವನ್ನು ಮಾತ್ರ ನಡೆಸಿದಂತೆ. ಕಾಯಿದೆಯ ಬಿಗಿಯು ಪರವಾನಗಿ ಪಡೆದ ವಿಧೇಯನ ಮೇಲಷ್ಟೇ ಅಲ್ಲ, ಅಕ್ರಮ ತಯಾರಿಕೆ ಮತ್ತು ಮಾರಾಟಗಳ ಜಾಲದ ಮೇಲೆ ಬೀಳಬೇಕು. ಧಾರವಾಡದ ದುರಂತ ಕೇಳುತ್ತಿರುವುದು ಇದನ್ನೇ. ಪ್ರಾಚೀನರು ಆಯುಧವನ್ನು ಹೊಣೆಯಿಂದ ಬೇರ್ಪಡಿಸಿರಲಿಲ್ಲ. ಆಧುನಿಕ ರಾಷ್ಟ್ರವು ಆ ಆಯುಧವನ್ನು ಪ್ರಜೆಯ ಕೈಯಿಂದ ತೆಗೆದುಕೊಂಡಿದೆ; ಅದರೊಡನೆ ಹೆಣೆದುಕೊಂಡಿದ್ದ ಹೊಣೆಯನ್ನೂ ತೆಗೆದುಕೊಂಡಿದೆ ಎಂಬುದನ್ನು ಪ್ರಜೆಯೂ ಪ್ರಭುವೂ ನೆನಪಿನಲ್ಲಿಡಬೇಕು.